ಹನ್ನೊಂದರವರೆಗೆ

ಸರ್ರ್ ಅಂತ ಖಾಲಿ ಟೇಪು ಓಡುವ ಸದ್ದು, ಹಾಡಿಗೆ ಮುಂಚಿನ ಆ ನಾಲ್ಕು ಸೆಕೆಂಡು, ಡ್ಯಾರೆಲ್‌ಗೆ ಹಾಡಿಗಿಂತ ಅದೇ ಇಷ್ಟ, ಈಗ ಬೆಟೊ ಡ್ರಮ್ಮಿನ ಕೋಲಿಗೆ ಕೋಲು ತಾಗಿಸಿ ಎಣಿಸುತ್ತಾನೆ — ಒಂದು, ಎರಡು, ಮೂರು, ನಾಲ್ಕು — ಗಿಟಾರು ಗರಗಸದಂತೆ ಕೊಯ್ಯತೊಡಗಿತು, ಇಪ್ಪತ್ತೊಂದರ ಡ್ಯಾರೆಲ್ ಯೇಸುವಿನ ಹೆಸರನ್ನು ಕಿರುಚಿ ಕೂಗಿದ, ಆ ಗಂಟಲು ಎಲ್ಲಿ ಹೋಯಿತೋ, ಈಗ ಕ್ಯಾಕರಿಸಿದರೆ ಬೆನ್ನು ಹಿಡಿದುಕೊಳ್ಳುತ್ತದೆ, ಟ್ರಕ್ಕಿನ ಗಾಜು ಏರಿಸಿಕೊಂಡೇ ಇದ್ದರೂ ಮೆಕ್ಕೆಜೋಳದ ಹಿಟ್ಟಿನ ಕಡುಬು, ತಮಾಲೆ, ಬೇಯುವ ವಾಸನೆ ಒಳಗೆ ಬರುತ್ತಿದೆ, ಎದುರಿಗೆ ಚರ್ಚಿನ ಅಂಗಳದಲ್ಲಿ ಹೆಂಗಸರು ಮೇಜುಗಳಿಗೆ ಪ್ಲಾಸ್ಟಿಕ್ ಹಾಸುತ್ತಿದ್ದಾರೆ, ಮೇಲೆ ಬ್ಯಾನರು, ಪಾಸ್ಟರ್ ಬೆಟೊ ಸಲ್ಸೀಡೊ, ಸೇವೆಗೆ ಮೂವತ್ತು ವರ್ಷ, ಪಾಸ್ಟರ್ ಅಂತೆ ಪಾಸ್ಟರ್, ಪ್ರಾರ್ಥನೆ ಮಾಡು ಅಂದರೆ ಕಣ್ಣು ಮುಚ್ಚಿ ನಿದ್ದೆ ಹೊಡೆಯುತ್ತಿದ್ದ ನನ್ನ ಮಗ! ಹೋದ ವಾರ ಅವನದೇ ಫೋನು, ಬಾರೋ ಡ್ಯಾರೆಲ್, ನನ್ನನ್ನ ನೀರಲ್ಲಿ ಮುಳುಗಿಸಿದವನು ನೀನೇ ತಾನೆ, ಆ ಕಥೆ ನಿನ್ನ ಬಾಯಿಂದಲೇ ಕೇಳ್ಬೇಕಂತೆ ನಮ್ಮ ಜನಕ್ಕೆ, ಐದು ನಿಮಿಷ ಮೈಕ್ ಹಿಡ್ಕೊ, ಯಾವತ್ತಾದ್ರೂ ನೀನಾಗಿ ಮೈಕ್ ಬಿಟ್ಟಿದ್ದುಂಟಾ? ಆಯ್ತು ಬರ್ತೀನಿ ಅಂದುಬಿಟ್ಟ, ಈ ಹಾಳು ಬಾಯಿ, ಹತ್ತೊಂಬತ್ತು ವರ್ಷದಿಂದ ಮದುವೆ ಬಿಟ್ಟರೆ ಯಾವ ಚರ್ಚಿನ ಮೆಟ್ಟಿಲೂ ಹತ್ತಿಲ್ಲ, ದೇವರಿದ್ದಾನಾ ಅಂತ ಯಾರಾದರೂ ಕೇಳಿದರೆ ನನಗೆ ಏಸಿ ರಿಪೇರಿ ಅಷ್ಟೇ ಗೊತ್ತು ಅನ್ನುತ್ತಾನೆ, ಅಂಥವನು ಅಲ್ಲಿ ನಿಂತು ಏನು ಹೇಳಬೇಕು, ನಿಜ ಹೇಳಲೇ, ನಿಜ ಏನು ಅಂತ ಗೊತ್ತಿದ್ದರೆ ಈ ಹೆಂಗಸರು ತಮಾಲೆ ಬಡಿಸುತ್ತಾರಾ, ನೀರಿನಡಿಯ ಆ ಕಣ್ಣು —

ಬೇಡ, ಹಾಡು ಕೇಳು, ಎರಡನೇ ಚರಣ, ಇಲ್ಲೇ ಬೆಟೊ ಅರ್ಧ ಪೆಟ್ಟು ಮುಂದೆ ಓಡಿದ್ದ, ರೆಕಾರ್ಡಿನಲ್ಲಿ ಹಾಗೇ ಉಳಿದುಹೋಗಿದೆ ಮೂವತ್ತೆಂಟು ವರ್ಷ, ಆಗ ಡ್ಯಾರೆಲ್ ಬೈದಿದ್ದ, ಈಗ ಅದಿಲ್ಲದೆ ಹಾಡೇ ಬೇಡ, ಕ್ಯಾಸೆಟ್ಟಿನ ಹೆಸರು ಮರುಭೂಮಿಯ ಸಿಡಿಲು, ಹೊಸದಾಗಿ ಕಣ್ಣು ಬಿಡುತ್ತಿದ್ದ ಹತ್ತು ಕ್ರೈಸ್ತ ಮೆಟಲ್ ಬ್ಯಾಂಡುಗಳು, ಒಬ್ಬೊಬ್ಬರಿಗೆ ಒಂದೊಂದು ಹಾಡು, ಇವರದ್ದು ಎರಡನೇ ಬದಿಯ ಕೊನೆಯದು, ಹಳದಿ ಕಪ್ಪು ಪಟ್ಟೆಯ ಬಿಗಿ ಚಲ್ಲಣ ಹೊಲಿದವಳು ಬೆಟೊನ ಅಮ್ಮ, ಹೊಲಿಯುತ್ತಾ ಶಿಲುಬೆಯ ಗುರುತು ಹಾಕಿಕೊಂಡು, ಅಯ್ಯೋ ದೇವರೇ, ಈ ಜೇನುಹುಳಗಳನ್ನ ನೀನೇ ಕಾಪಾಡು, ಹುಡುಗರ ಕೂದಲು ಸೊಂಟದವರೆಗೆ, ಆಗಿನ ಸಭೆಯ ಪಾಸ್ಟರ್ ವೆಂಡೆಲ್ ಕೇಳಿದರು, ಏನ್ರೋ ಇದು ಹೆಂಗಸರ ಥರ, ಬೈಬಲಿನ ಸಂಸೋನನಿಗೂ ಉದ್ದ ಕೂದಲಿತ್ತಲ್ಲ ಸಾರ್ ಅಂದಿದ್ದ ಬೆಟೊ, ಅದಕ್ಕೇ ಅವನ ಕಣ್ಣು ಕೀಳಿಸಿದ್ದು ಅಂದರು ಪಾಸ್ಟರ್, ಮತ್ತೆ ಕ್ಯಾಸೆಟ್ಟು ಬಂದ ಮೇಲೆ ಕ್ರೈಸ್ತ ಪುಸ್ತಕದಂಗಡಿಯ ಮುದುಕ ಅದನ್ನು ಮದುವೆ ಕಾರ್ಡುಗಳ ಹಿಂದೆ ಬಚ್ಚಿಟ್ಟ, ದೇವರ ಹಾಡೇನಯ್ಯಾ ಇದು, ಹಾಕಿದ್ದೇ ತಡ ನನ್ನ ನಾಯಿ ಮಂಚದಡಿ ಸೇರ್ಕೊಂತು, ಎಷ್ಟು ನಕ್ಕಿದ್ದರು, ಬೆಟೊನ ಅಪ್ಪನ ಬ್ರೆಡ್ಡಿನ ವ್ಯಾನಿನಲ್ಲಿ ಊರೂರು ತಿರುಗಿದಾಗ ಬಟ್ಟೆಗೆಲ್ಲ ಯೀಸ್ಟಿನ ವಾಸನೆ, ಆ ವಾಸನೆ ಈಗಲೂ ಎಲ್ಲಾದರೂ ಬಂದರೆ ಡ್ಯಾರೆಲ್ ಟ್ರಕ್ ನಿಲ್ಲಿಸುತ್ತಾನೆ, ಆದರೆ ಇದಕ್ಕೆಲ್ಲ ಮೊದಲು ಆ ಕಾಗದ, ಕ್ಯಾಸೆಟ್ ಕಂಪನಿಯವರ ಷರತ್ತು, ಬ್ಯಾಂಡಿನ ನಾಲ್ಕು ಜನರೂ ದೀಕ್ಷಾಸ್ನಾನ ಪಡೆದವರು ಅಂತ ಸಭೆಯ ಪಾಸ್ಟರ್ ಬರೆದು ಸಹಿ ಹಾಕಿದ ಕಾಗದ, ಸೋಮವಾರದೊಳಗೆ ಅಂಚೆಗೆ ಹಾಕಬೇಕು, ಇಲ್ಲದಿದ್ದರೆ ಜಾಗ ಬೇರೆ ಬ್ಯಾಂಡಿಗೆ, ಶನಿವಾರ ಬೆಟೊ ಉಗುರು ಕಚ್ಚುತ್ತಾ ಬಾಯಿಬಿಟ್ಟ, ನಂದು ಆಗಿಲ್ವಲ್ಲೋ.

ಹಸುಗೂಸಿದ್ದಾಗ ಪಾದ್ರಿ ತಲೆ ಮೇಲೆ ನೀರು ಚಿಮುಕಿಸಿದ್ದಷ್ಟೇ, ಅದು ಲೆಕ್ಕಕ್ಕಿಲ್ಲ ಅಂದರು ವೆಂಡೆಲ್, ಪೂರ್ತಿ ಮುಳುಗಬೇಕು, ನಂಗೆ ಸೊಂಟ ನೋವು, ಡ್ಯಾರೆಲ್, ನಿನ್ನ ಗೆಳೆಯ, ನೀನೇ ಮುಳುಗಿಸು, ಮರುದಿನವೇ, ಜನವರಿ ತಿಂಗಳು, ವಿಧವೆ ವೆರ್ನಾಳ ಹಿತ್ತಲಿನ ಈಜುಕೊಳ, ತಳ ಕಾಣುವ ತಿಳಿನೀರು, ಮರದಿಂದ ಬಿದ್ದ ಒಂದು ಕಿತ್ತಳೆ ತೇಲುತ್ತಿತ್ತು, ಮೊಳಕಾಲು ಮರಗಟ್ಟುವ ಚಳಿ, ಡ್ಯಾರೆಲ್ ಆಗ ನಂಬುತ್ತಿದ್ದ, ಎಷ್ಟು ನಂಬುತ್ತಿದ್ದ ಅಂದರೆ ಹಿಂದಿನ ರಾತ್ರಿ ಉಪವಾಸವಿದ್ದ, ಎದೆಮಟ್ಟ ನೀರಿನಲ್ಲಿ ಇಬ್ಬರೂ ನಿಂತಿದ್ದರು, ಆಗ ಬೆಟೊ ಕಿವಿಯಲ್ಲಿ, ಬೇಗ ಮುಗ್ಸೋ, ರೆಕಾರ್ಡ್ ಬರುತ್ತೆ ಅಂದ್ರೆ ನಾನು ದನದ ನೀರಿನ ತೊಟ್ಟೀಲೂ ಮುಳುಗ್ತೀನಿ, ಅಂದು ಕಣ್ಣು ಹೊಡೆದ, ಅಷ್ಟೇ, ಡ್ಯಾರೆಲ್‌ನ ತಲೆಯೊಳಗೆ ಏನೋ ಉರಿದುಹೋಯಿತು, ತಂದೆಯ ಮಗನ ಪವಿತ್ರಾತ್ಮನ ಹೆಸರಿನಲ್ಲಿ ಅಂತ ಬಾಯಿ ಹೇಳುತ್ತಿತ್ತು, ಕೈ ಬೆಟೊನನ್ನು ಮುಳುಗಿಸಿ ಎದೆಯ ಮೇಲೆ ಒತ್ತಿ ಹಿಡಿದೇ ಇತ್ತು, ಸಾಮಾನ್ಯವಾಗಿ ಮುಳುಗಿಸಿ ಎತ್ತುವಷ್ಟು ಹೊತ್ತು ಕಳೆಯಿತು, ಇನ್ನೂ ಒತ್ತಿ ಹಿಡಿದೇ ಇತ್ತು, ದಡದಲ್ಲಿ ಹಲ್ಲೆಲೂಯ ಹಾಡುತ್ತಿದ್ದರು, ಯಾರಿಗೂ ಗೊತ್ತಾಗಲಿಲ್ಲ, ಸಾಯಲಿ ಅಂದುಕೊಂಡಿದ್ದ, ಹೌದು, ಒಂದು ಕ್ಷಣ ಅದನ್ನೇ ಅಂದುಕೊಂಡಿದ್ದ, ಕೂದಲು ಪಾಚಿಯಂತೆ ಹರಡಿತ್ತು, ಮತ್ತೆ ಆ ಕಣ್ಣು, ಮುಚ್ಚಿರಲಿಲ್ಲ, ಅವನು ಒದೆಯಲೂ ಇಲ್ಲ, ನೀರಿನಡಿಯಿಂದ ಇವನನ್ನೇ ನೋಡುತ್ತಿದ್ದವು, ಕಿತ್ತಳೆ ಬಂದು ಮೊಣಕೈಗೆ ತಾಗಿದಾಗ ಎಚ್ಚರಾಗಿ ಬಿಟ್ಟ, ಬೆಟೊ ಮೇಲೆದ್ದು ಕೆಮ್ಮಿ ಕೆಮ್ಮಿ, ಹನ್ನೊಂದು ಎಣಿಸಿದೆ ಕಣೋ, ಅಂದ, ಅಷ್ಟೇ ಅಂದದ್ದು, ಮರುವಾರದಿಂದ ಪ್ರಾರ್ಥನೆಯಲ್ಲಿ ಅವನ ನಿದ್ದೆ ನಿಂತಿತು, ಯಾಕೆ ಅಂತ ಇವನು ಕೇಳಲಿಲ್ಲ, ಅವನು ಹೇಳಲಿಲ್ಲ, ಆ ಒಂದು ಸಿಟ್ಟಿನ ಮೇಲೆ ಈ ಮನುಷ್ಯ ಒಂದು ಚರ್ಚು ಕಟ್ಟಿಕೊಂಡು ಮೂವತ್ತು ವರ್ಷ ಕೂತಿದ್ದಾನೆ, ನಂಬಿದವನು ಬಿಟ್ಟ, ನಂಬದವನು ಹಿಡಿದ, ಇದನ್ನು ಮೈಕಿನಲ್ಲಿ ಹೇಳಲೇ, ಹೇಳಿದರೆ ಅವನು ಕಟ್ಟಿದ್ದು ಬೀಳುತ್ತದೆ, ಸುಳ್ಳು ಹೇಳಿದರೆ ನಾನೇ ಬೀಳುತ್ತೇನೆ, ಇಗ್ನಿಷನ್ ತಿರುಗಿಸಿ ಹೊರಟೇಬಿಡಲೇ —

ಟಕ್, ಟೇಪು ಮುಗಿದು ನಿಂತಿತು. ಟಕ್ ಟಕ್ ಟಕ್ ಟಕ್, ಇದು ಟೇಪಲ್ಲ, ಗಾಜಿನ ಮೇಲೆ ಎರಡು ಬೆರಳು, ಬೆಟೊ, ಬೋಳು ತಲೆ, ಹೊಟ್ಟೆ ಬಾಗಿಲಿಗೆ ಒತ್ತಿದೆ, ಮುಖ ಗಾಜಿಗೆ ಹತ್ತಿರ, ಇಳಿಯೋ ಮುಠ್ಠಾಳ, ಅರ್ಧ ಗಂಟೆಯಿಂದ ನಿನ್ನ ಹಾಡೇ ಕೇಳ್ತಾ ಕೂತಿದೀಯಲ್ಲ, ಅಷ್ಟೇನೂ ಚೆನ್ನಾಗಿರ್ಲಿಲ್ಲ ಅದು, ಗಾಜಿನಾಚೆಯ ದನಿ ನೀರಿನಾಚೆಯಂತೆ, ಏನು ಹೇಳಲೋ ಬೆಟೊ, ಅಂದ ಡ್ಯಾರೆಲ್, ಪೂರ್ತಿ ಹೇಳು, ಮೂವತ್ತು ವರ್ಷದಿಂದ ನಾನು ಅರ್ಧಾನೇ ಹೇಳಿದೀನಿ, ಮಿಕ್ಕಿದ್ದು ನಿಂದು, ಅದನ್ನ ನೀನೇ ಹೇಳ್ಬೇಕು ಅಂತ ಇಟ್ಕೊಂಡಿದೀನಿ — ಗೊತ್ತಿತ್ತು, ಇವನಿಗೆ ಆವತ್ತೇ ಗೊತ್ತಿತ್ತು — ಹನ್ನೊಂದು ಎಣಿಸ್ತೀನಿ, ಅಷ್ಟರಲ್ಲಿ ಇಳೀಬೇಕು, ಒಂದು, ನಗುತ್ತಿದ್ದಾನೆ, ಎರಡು, ಮೂರು, ಡ್ಯಾರೆಲ್‌ನ ಕೈ ಬಾಗಿಲಿನ ಹಿಡಿಯ ಮೇಲಿದೆ, ಅದೇ ಕೈ, ಆರು, ತಮಾಲೆಯ ವಾಸನೆ, ಯೀಸ್ಟಿನ ವಾಸನೆ, ಎಂಟು, ಗಾಜಿನಾಚೆ ಆ ಕಣ್ಣು, ಒಂಬತ್ತು, ತೇಲುವ ಕಿತ್ತಳೆ, ಹತ್ತು, ಕೈ ಹಿಡಿಯನ್ನು ಎಳೆಯುತ್ತಿದೆ, ನೀರಿನಡಿಯ ಆ ಕಣ್ಣು, ತೆರೆದೇ ಇವೆ, ಕಾಯುತ್ತಾ, ತೆರೆದೇ.