ನತಾಲಬಾಯಿಯ ಎರಡು ಆಸೆ

ನತಾಲಬಾಯಿ ಸಾವಿನ ಮನೆಗೆ ಹೋಗುವಾಗ ಓಡುತ್ತಾರೆ, ಬರುವಾಗ ತೆವಳುತ್ತಾರೆ. ಹೊನ್ನಾವರದ ಪಕ್ಕದ ಕಾಸರಕೋಡಿನ ಕ್ರೈಸ್ತರ ಯಾವ ಮನೆಯಲ್ಲಿ ಜೀವವೊಂದು ಕಂಠಕ್ಕೆ ಬಂದಿದೆಯೆಂದು ಕೇಳಿದರೂ ಸರಿ, ಎಪ್ಪತ್ತು ದಾಟಿದ ಈ ಗಿಡ್ಡ ಹೆಂಗಸು, ಮುಂಬಯಿಯ ಅಣ್ಣ ಬಿಟ್ಟುಹೋದ ಗಂಡಸರ ನೀಲಿ ಕೋಟನ್ನು ಸೀರೆಯ ಮೇಲೆ ಹೇರಿಕೊಂಡು, ಒಂದು ಭುಜವನ್ನು ಮುಂದೆ ಚಾಚಿ, ಹೆದ್ದಾರಿಯ ಅಂಚಿನಲ್ಲಿ ಸರಸರನೆ ಸಾಗುವುದನ್ನು ನಾನು ಇಪ್ಪತ್ತು ವರ್ಷಗಳಿಂದ ಕಂಡಿದ್ದೇನೆ. ಮಣ್ಣು ಕೊಟ್ಟು ಮರಳುವಾಗಿನ ನಡಿಗೆಯೇ ಬೇರೆ. ಆಗ ಪ್ರತಿ ಬೇಲಿಯ ಬಳಿ ನಿಂತು ಹರಿವೆ ಎಷ್ಟೆತ್ತರ ಬಂತೆಂದು ನೋಡಬೇಕು. ಮೀನಿನ ಬುಟ್ಟಿ ಎದುರಾದರೆ ಬಗ್ಗಿ ಬಂಗಡೆಯ ಕಿವಿರೆತ್ತಿ ಪರೀಕ್ಷಿಸಬೇಕು. ತೀರಿಕೊಂಡವರ ಅಂಗಳದಿಂದಲೇ ಮುರಿದು ತಂದ ದಾಸವಾಳದ ಟೊಂಗೆಯನ್ನೋ ಮಲ್ಲಿಗೆಯ ಬಳ್ಳಿಯನ್ನೋ ತಮ್ಮ ಅಂಗಳದಲ್ಲಿ ನೆಡಬೇಕು. ಒಮ್ಮೆ ಅಂಥದೊಂದು ಟೊಂಗೆಯನ್ನು ಬೇಲಿಯಾಚೆಯಿಂದ ನನ್ನ ಹೆಂಡತಿ ಮಾಲಿನಿಗೆ ಚಾಚಿದರು. ಸೂತಕದ ಮನೆಯದೆಂದು ತಿಳಿದ ಮಾಲಿನಿ ಕೈ ಹಿಂದಕ್ಕೆಳೆದುಕೊಂಡಳು. "ಗಿಡಕ್ಕೆ ಎಂತ ಸೂತಕ, ಮಾಲಿನಿ?" ಎಂದವರೇ ಬೇಲಿಯ ಈಚೆಗೆ ಬಗ್ಗಿ ತಾವೇ ನೆಟ್ಟು ಹೋದರು. ಈಗ ನಮ್ಮ ದೇವರಿಗೆ ಏರುವುದು ಆ ಗಿಡದ ಹೂವೇ.

ಕೊಂಕಣಿ ಕ್ರೈಸ್ತರು ಉಪಕಾರ ನೆನೆಯುವಾಗ "ದೇವ್ ಬರೆಂ ಕರುಂ" ಅನ್ನುತ್ತಾರೆ, ದೇವರು ಒಳಿತು ಮಾಡಲಿ ಎಂದು. ನತಾಲಬಾಯಿ ಈ ಮಾತನ್ನು ಮನುಷ್ಯರಿಗಷ್ಟೇ ಮೀಸಲಿಟ್ಟವರಲ್ಲ. ಬಸ್ಸಿನಿಂದ ಇಳಿದರೆ ಬಸ್ಸಿಗೆ, ಕೊಡ ತುಂಬಿದರೆ ನಲ್ಲಿಗೆ, ಮುಳ್ಳು ಗಂಟಲಿಗೆ ಸಿಕ್ಕದೆ ಇಳಿದರೆ ಮೀನಿಗೆ, ಎಲ್ಲಕ್ಕೂ ಅದೇ ಹಾರೈಕೆ. ಮದುವೆಯಾಗದ ಅವರ ಜೊತೆಯಲ್ಲಿರುವ ತಂಗಿಯ ಮಗಳು ಗ್ರೇಸಿ ಹೊನ್ನಾವರದ ಪೋಸ್ಟಾಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಚಿಕ್ಕಂದಿನಿಂದ ಕೇಳಿ ಕೇಳಿ ಅವಳಿಗದು ಗಡಿಯಾರದ ಟಿಕ್‌ಟಿಕ್‌ನಂತೆ ಕಿವಿಗೆ ಬೀಳುವುದೇ ಇಲ್ಲವಂತೆ.

ಆದರೆ ಸಾಯುವವರ ಮಂಚದ ಬಳಿ ಕೂತಾಗ ಈ ಹೆಂಗಸೇ ಬೇರೊಬ್ಬರಾಗುತ್ತಿದ್ದರು. ಕೋಟಿನ ಜೇಬಿನಿಂದ ಮೇಣದಬತ್ತಿ ತೆಗೆದು ಹಚ್ಚಿ, ರೋಗಿಯ ಬೆರಳುಗಳ ನಡುವೆ ಸಿಕ್ಕಿಸಿ, ಕಿವಿಗೆ ಬಾಯಿಟ್ಟು ಯೇಸು, ಮರಿಯಮ್ಮ, ಜೋಸೆಫರ ಹೆಸರುಗಳನ್ನು ಮೆಲ್ಲನೆ ಜಪಿಸುವುದು ಅವರ ಸಮಾಜದ ಪದ್ಧತಿ. ಅದರ ಜೊತೆಗೆ ನತಾಲಬಾಯಿಯ ಸ್ವಂತದ್ದೊಂದು ಮಾತು ಸೇರಿರುತ್ತಿತ್ತು: "ಬಿಟ್ಟು ಹೊರಡು. ಇಲ್ಲಿ ಎಂತ ಅದೆ? ಅಲ್ಲಿ ಎಲ್ಲಾ ತಯಾರಾಗಿ ಅದೆ." ನಲವತ್ತು ವರ್ಷಗಳಲ್ಲಿ ಎಷ್ಟೋ ಜನ ಆ ಮಾತಿನ ಕೈಹಿಡಿದು ನಿರುಮ್ಮಳವಾಗಿ ಕಣ್ಣು ಮುಚ್ಚಿದರೆಂದು ಊರಿನ ನಂಬಿಕೆ.

ಒಮ್ಮೆ ಮಾತ್ರ ಲೆಕ್ಕ ತಪ್ಪಿತು. ಹನ್ನೆರಡು ವರ್ಷಗಳ ಹಿಂದೆ ಮೀನಿನ ಬೋಟು ನಡೆಸುವ ತಂಡೇಲ ಸಾಂತಾನ್ ಇಲಿಜ್ವರದಿಂದ ಮೈಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿದ್ದ. ಉಸಿರು ಸಣ್ಣಗಾಯಿತೆಂದು ಜನ ಸೇರಿದರು. ಸೇರಿದ ಜನರಿಗೆಂದು ಒಳಗೆ ಗಂಜಿ ಒಲೆಯೇರಿತು. ನತಾಲಬಾಯಿ ಬಂದು ಬತ್ತಿ ಹಚ್ಚಿ ಶುರುಮಾಡಿಯೇಬಿಟ್ಟರು. ಕಾದ ಮೇಣ ಹೆಬ್ಬೆರಳಿನ ಮೇಲೆ ಇಳಿದದ್ದೇ ತಡ, ಸಾಂತಾನ್ ಕಣ್ಣು ಬಿಟ್ಟು, ಬರೆಯಲಾಗದ ಒಂದು ಬೈಗುಳವನ್ನು ಕೊಂಕಣಿಯಲ್ಲಿ ಬೈದು, ಗಂಜಿ ಕೇಳಿದ. ಅಂದಿನಿಂದ ಪ್ರತಿ ಭಾನುವಾರ ಇಗರ್ಜಿಯ ಮೆಟ್ಟಿಲ ಮೇಲೆ ಆ ಸುಟ್ಟ ಕಲೆಯನ್ನು ಅವರ ಮೂಗಿನ ಮುಂದೆ ಹಿಡಿದು, "ಬಾಯ್, ಇವತ್ತು ಯಾರನ್ನು ಕಳಿಸೂದು?" ಎಂದು ಕೇಳುವುದು ಅವನ ನೇಮವಾಯಿತು. ನತಾಲಬಾಯಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಹೋದ ವರ್ಷ ಆಗಸ್ಟಿನ ಕೊನೆಯಲ್ಲಿ ಕುಮಟೆಯ ವೈದ್ಯರೊಬ್ಬರು ಅವರ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದರು. ತಿಂಗಳೊಳಗೆ ಉಡುಪಿಯ ಕಡೆಗೆ ಹೋಗಿ ಕೊಯ್ಯಿಸಿಕೊಂಡರೆ ಉಳಿಯುವ ಸಂಭವ ಚೆನ್ನಾಗಿಯೇ ಇದೆ, ತಡವಾದರೆ ಹೇಳುವಂತಿಲ್ಲ. ಗ್ರೇಸಿ ಕಾಲಿಗೆ ಬಿದ್ದಳು. ನತಾಲಬಾಯಿ ಒಲ್ಲೆನೆಂದು ತಲೆಯಲ್ಲಾಡಿಸಿದರು. ಸುದ್ದಿ ಹಬ್ಬಿ, ನುಡಿದಂತೆ ನಡೆಯುವ ಪುಣ್ಯವಂತೆಯೆಂದು ಜನ ಕೊಂಡಾಡಿದರು. ಕೆಲವರು ನೋಡಲು ಬಂದು ಕೈ ಮುಗಿದು ಹೋದರು. ಆ ಹೊಗಳಿಕೆಯ ಭಾರಕ್ಕೆ ಅವರ ಭುಜ ಇಳಿಯುತ್ತಿದ್ದುದನ್ನು ಕಂಡು ನನಗೆ ಸಿಟ್ಟು ಬರುತ್ತಿತ್ತು. ಹತ್ತು ದಿನ ಅವರು ಅಂಗಳಕ್ಕೇ ಇಳಿಯಲಿಲ್ಲ.

ಸೆಪ್ಟೆಂಬರ್ ಎಂಟು ಮರಿಯಮ್ಮನ ಹುಟ್ಟಿದ ದಿನ, ತೆನೆಹಬ್ಬ. ಇಗರ್ಜಿಯಲ್ಲಿ ಮಂತ್ರಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಹಾಲಿಗೆ ಹಾಕಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಪ್ರತಿ ವರ್ಷದಂತೆ ನಾವಿಬ್ಬರೂ ಹೋಗಿದ್ದೆವು. ಆ ವರ್ಷ ಗ್ರೇಸಿ ಸಾಂತಾನನನ್ನೂ ಕರೆದಿದ್ದಳು. ನತಾಲಬಾಯಿ ತೆನೆಯನ್ನು ಕೈಗೆತ್ತಿಕೊಂಡರು, ಒಂದು ಕಾಳು ಸುಲಿದರು, ಎರಡನೆಯದನ್ನು ಸುಲಿಯಲಾಗಲಿಲ್ಲ. ತೆನೆಯನ್ನು ಮಡಿಲಿಗೆ ಇಳಿಸಿದರು.

"ನಂಗೆ ಹೋಗೂಕೆ ಮನಸಿಲ್ಲ, ಮಾಸ್ತರ್ರೆ" ಎಂದರು ನನ್ನ ಕಡೆ ನೋಡಿ. "ಮುಂದಿನ ವರ್ಷದ ತೆನೆ ನೋಡ್ಬೇಕು ಅಂತ ಆಸೆ ಆಗ್ತದೆ. ಸ್ವರ್ಗದ ಆಸೆ ಇಲ್ಲ ಅಂತಲ್ಲ, ಅದೂ ಅದೆ. ಆದ್ರೆ ಇಷ್ಟು ಜನರ ಕಿವೀಲಿ ಇಲ್ಲಿ ಎಂತ ಅದೆ, ಇಲ್ಲಿ ಎಂತ ಅದೆ ಅಂದೆ. ಈಗ ನಾನೇ ಬಾಗ್ಲ ಹಿಡ್ಕಂಡು ನಿಂತ್ರೆ, ಅವ್ರೆಲ್ಲಾ ಅಲ್ಲಿಂದ ನನ್ನ ಕೇಳೂದಿಲ್ವಾ?"

ಮಾಲಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾತಾಡಿದವನು ಸಾಂತಾನ್, ಕೊಂಕಣಿಯಲ್ಲಿ ಶುರುಮಾಡಿ, ನಾವಿರುವುದು ನೆನಪಾಗಿ ಕನ್ನಡಕ್ಕೆ ತಿರುಗಿದ.

"ಬಾಯ್, ಅವತ್ತು ನೀನು ಹೇಳಿದ್ದೆಲ್ಲಾ ನಂಗೆ ಕೇಳ್ತಿತ್ತು. ನಾನು ಕಣ್ಣು ಬಿಟ್ಟದ್ದು ಸ್ವರ್ಗ ಬೇಡ ಅಂತ ಅಲ್ಲ. ಒಳಗೆ ಗಂಜಿ ಕುದಿಯೂ ವಾಸನೆ ಬಂತು. ಅದನ್ನೂ ಆ ದೇವರೇ ಕೊಟ್ಟದ್ದಲ್ವಾ? ಕುಡಿದೇ ಹೋಗುವಾ ಅನ್ನಿಸ್ತು. ಹನ್ನೊಂದು ವರ್ಷ ಆತು. ಸ್ವರ್ಗ ಎಲ್ಲಿಗೂ ಓಡಿ ಹೋಗಲಿಲ್ಲ, ಅಲ್ಲೇ ಅದೆ. ಗಂಜಿ ಆದ್ರೆ ತಣ್ಣಗಾಗ್ತಿತ್ತು."

ಯಾರೂ ನಗಲಿಲ್ಲ. ನತಾಲಬಾಯಿ ಉಳಿದ ಕಾಳುಗಳನ್ನು ಒಂದೊಂದಾಗಿ ಸುಲಿದು, ಹಾಲಿನ ಮೊದಲ ಲೋಟವನ್ನು ಸಾಂತಾನನ ಕೈಗಿತ್ತರು. ಊಟ ಮುಗಿದ ಮೇಲೆ ಆಸ್ಪತ್ರೆಯ ಕಾಗದಕ್ಕೆ ಎಲ್ಲಿ ಸಹಿ ಹಾಕಬೇಕೆಂದು ಗ್ರೇಸಿಯನ್ನು ಕೇಳಿದರು.

ಹೊರಡುವ ಬೆಳಿಗ್ಗೆ ಕಾರನ್ನು ಇಗರ್ಜಿಯ ಹಿಂದಿನ ಸಮಾಧಿಗಳ ಬಳಿ ನಿಲ್ಲಿಸಲು ಹೇಳಿದರಂತೆ. ಗ್ರೇಸಿಯ ತೋಳು ಹಿಡಿದು, ತಾವು ಕಳಿಸಿಕೊಟ್ಟವರ ಶಿಲುಬೆಗಳ ನಡುವೆ ನಿಂತು, ಕಿವಿ ಮಂದವಾದವರಿಗೆ ಹೇಳುವಂತೆ ಸ್ವಲ್ಪ ಗಟ್ಟಿಯಾಗಿಯೇ ಅಂದರಂತೆ: "ತಪ್ಪಾತು, ಮಾಫ್ ಮಾಡಿ. ಇಲ್ಲೂ ಬಾಳ ಅದೆ. ಅಲ್ಲಿ ಇನ್ನೂ ಅದೆ ಅಂತ ಹೇಳ್ಬೇಕಿತ್ತು." ಅಷ್ಟು ಹೇಳಿ ಕಾರು ಹತ್ತಿದವರು ಭಟ್ಕಳ ದಾಟುವ ತನಕ ಕಿಟಕಿಯಿಂದ ಮುಖ ತೆಗೆಯಲಿಲ್ಲವೆಂದು ಗ್ರೇಸಿ ಫೋನಿನಲ್ಲಿ ಹೇಳಿದಳು. ಗಡ್ಡೆ ಹೋಯಿತು. ನತಾಲಬಾಯಿ ಅರ್ಧ ತೂಕವಾಗಿ ಮರಳಿದರು. ಎಷ್ಟು ದಿನ ಉಳಿಯುತ್ತಾರೆಂದು ವೈದ್ಯರೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಪರಲೋಕವನ್ನು ನಂಬಿದವರು ಇಹವನ್ನು ಹಗುರವಾಗಿ ಕಾಣುತ್ತಾರೆಂದೂ, ಇಹವನ್ನು ಪ್ರೀತಿಸುವವರಿಗೆ ಪರದ ನಂಬಿಕೆ ಸಾಲದೆಂದೂ ನಾನು ಬಹುಕಾಲ ತಿಳಿದಿದ್ದೆ. ಪುಸ್ತಕ ಓದಿದವರ ತಿಳಿವಳಿಕೆ ಅದು. ನತಾಲಬಾಯಿಯಂಥವರಿಗೆ ಅದು ಒಪ್ಪುವುದಿಲ್ಲ. ತವರಿಗೆ ಕರೆದೊಯ್ಯಲು ಬಂದವನು ಹೊಸ್ತಿಲಲ್ಲಿ ನಿಂತಿದ್ದಾನೆಂದು ಬಲ್ಲರು, ಹೊರಡಲು ಮನಸ್ಸೂ ಇದೆ. ಆದರೂ ಬಡಿಸಿದ ಎಲೆಯನ್ನು ಅರ್ಧಕ್ಕೆ ಬಿಟ್ಟು ಏಳುವವರಲ್ಲ. ಬಡಿಸಿದವನೂ ಕರೆಯಲು ಬಂದವನೂ ಒಬ್ಬನೇ ಆದ್ದರಿಂದ, ಅವನು ಕಾಯುತ್ತಾನೆ.