ಹತ್ತೊಂಬತ್ತನೆಯ ದಿನದ ಜನರೇಟರು

ಮೊಟ್ಟೆಯಕ್ಕ ಜನರೇಟರಿನ ಕಾರ್ಬ್ಯುರೇಟರ್ ತಳದ ಬೋಲ್ಟು ತಿರುಗಿಸಿ ಪುಟ್ಟ ಬಟ್ಟಲನ್ನು ಕಳಚಿಕೊಂಡಳು. ಒಳಗೆ ಹಳೆಯ ಗೋಂದಿನಂಥ ಕಂದು ಅಂಟು ತಳ ಹಿಡಿದಿತ್ತು.

"ಮೂವತ್ತೇಳು!" ಥರ್ಮಾಮೀಟರ್ ನೋಡುತ್ತ ಒಳಗಿನಿಂದ ಅತ್ತೆ ಕೂಗಿದಳು.

ಕರೆಂಟು ಹೋಗಿ ಇಪ್ಪತ್ತು ನಿಮಿಷವಾಗಿತ್ತು; ಸಂಜೆ ಆರರವರೆಗೆ ಬರುವುದಿಲ್ಲವೆಂದು ಬೆಳಿಗ್ಗೆಯೇ ಸಾರಿದ್ದರು. ನಡುಮನೆಯ ಕಾವುಪೆಟ್ಟಿಗೆಯಲ್ಲಿ ಮುನ್ನೂರು ಮೊಟ್ಟೆ, ಇವತ್ತಿಗೆ ಹತ್ತೊಂಬತ್ತು ದಿನ. ಇನ್ನೆರಡು ದಿನಕ್ಕೆ ಮರಿ. ಬೆಳಿಗ್ಗೆ ಕಿವಿಗೆ ಹಿಡಿದಾಗ ಕೆಲವದರೊಳಗಿಂದ ಕೊಕ್ಕು ತಟ್ಟುವ ಸದ್ದು ಬಂದಿತ್ತು. ಬಾಗಿಲು ತೆಗೆಯದಿದ್ದರೆ ಪೆಟ್ಟಿಗೆಯ ಬಿಸಿ ಒಂದು ಗಂಟೆ ನಿಂತೀತು, ಹೆಚ್ಚೆಂದರೆ ಒಂದೂವರೆ. ಮೂವತ್ತನಾಲ್ಕಕ್ಕಿಂತ ಕೆಳಗಿಳಿದು ಅಲ್ಲೇ ಕೂತರೆ ಆ ಸದ್ದು ಒಂದೊಂದಾಗಿ ಅಡಗುತ್ತದೆ. ಹಿಂದಿನ ಸಲ ಹಾಗೇ ಆಗಿತ್ತು. ಇನ್ನೂರೆಂಬತ್ತನ್ನು ಅವಳೇ ಹಿತ್ತಲಲ್ಲಿ ಗುಂಡಿ ತೋಡಿ ಹೂತಿದ್ದಳು.

ಆಗ ಜನರೇಟರು ಮನೆಯಲ್ಲಿರಲಿಲ್ಲ. ಮೈಕು, ದೀಪ ಬಾಡಿಗೆಗೆ ಕೊಡುವ ಭಾವ ಒಂದು ದಿನಕ್ಕೆಂದು ಒಯ್ದು ನಾಲ್ಕು ತಿಂಗಳು ಇಟ್ಟುಕೊಂಡಿದ್ದ. ನಿನ್ನೆ ಸಂಜೆಯಷ್ಟೇ ತಂದಿಳಿಸಿದ್ದ, ಮೈಯೆಲ್ಲ ಒರೆಸಿ, ಹಿಡಿಕೆಗೆ ಹೊಳಪು ಹಚ್ಚಿ. ಮೇಲೆ ಥಳುಕು, ಒಳಗೆ ಹುಳುಕು. ಅವಳಾಗಿದ್ದರೆ ನಿಲ್ಲಿಸುವಾಗ ಸ್ವಿಚ್ಚು ಮುಟ್ಟುತ್ತಿರಲಿಲ್ಲ. ಬಟ್ಟಲಲ್ಲಿ ಪೆಟ್ರೋಲು ಉಳಿದು ಅಂಟಾಗದಂತೆ ನಲ್ಲಿ ಮುಚ್ಚಿ, ಕೊನೆಯ ಹನಿ ಕುಡಿದು ಯಂತ್ರ ತಾನಾಗಿ ಸುಮ್ಮನಾಗುವ ತನಕ ಪಕ್ಕದಲ್ಲೇ ಕಾಯುತ್ತಿದ್ದಳು.

ಈಗ ಭಾವ ಅಂಗಳದ ಕಟ್ಟೆಯ ಮೇಲೆ ಕಾಲು ಅಲ್ಲಾಡಿಸುತ್ತ ಕೂತಿದ್ದ. "ನಿನ್ನೆ ನನ್ನ ಅಂಗಡೀಲಿ ಒಂದೇ ಎಳೆತಕ್ಕೆ ಎದ್ದಿತ್ತು ಕಣಮ್ಮ. ನಿನ್ನ ಮನೆ ಅಂದ್ರೆ ಅದಕ್ಕೆ ಅಲರ್ಜಿ."

"ಎದ್ದಿದ್ದು ನೀವೋ ಅದೋ?"

"ಮೂವತ್ತಾರೂವರೆ! ಕೋಳಿನೇ ಕಾವಿಗೆ ಕೂರಿಸಿದ್ರೆ ಪೆಟ್ರೋಲ್ ಕೇಳ್ತಿತ್ತೇನೇ?"

"ಮುನ್ನೂರು ಮೊಟ್ಟೆ ಮೇಲೆ ಕೂರೋ ಕೋಳಿ ಎಲ್ಲಿ ಸಿಗುತ್ತೆ ಹೇಳಿ, ಅತ್ತೆ. ನಾಳೆನೇ ತರ್ತೀನಿ."

ಹಳೆಯ ವೈರಿನಿಂದ ಒಂದೇ ಒಂದು ತಾಮ್ರದ ಎಳೆ ಬಿಡಿಸಿ, ಪೆಟ್ರೋಲು ಚಿಮ್ಮುವ ಜೆಟ್ಟಿನ, ಕೂದಲು ಹೋಗುವಷ್ಟೇ ಇರುವ ತೂತಿಗೆ ಪೋಣಿಸಿದಳು. ಎಳೆ ಮೊದಲು ಬಾಗಿತು, ಆಮೇಲೆ ದಾಟಿತು. ಊದಿದಳು. ಆಕಾಶಕ್ಕೆ ಹಿಡಿದು ನೋಡಿದಳು. ಸಾಸಿವೆಗಿಂತ ಚಿಕ್ಕ ಬೆಳಕು. ಬಟ್ಟಲಿನ ಅಂಟು ಒರೆಸಿ ಮತ್ತೆ ಬಿಗಿದಳು. ಗಾಳಿ ಫಿಲ್ಟರಿನ ಸ್ಪಂಜನ್ನು ಸೋಪಿನ ನೀರಲ್ಲಿ ಹಿಂಡಿ, ಬಟ್ಟೆಯಲ್ಲಿ ಒತ್ತಿ ಆರಿಸಿ, ಎರಡು ಹನಿ ಎಣ್ಣೆ ಸವರಿದಳು. ಕಿಡಿ ಹಾರಿಸುವ ಪ್ಲಗ್ಗಿನ ಮಸಿ ಉಜ್ಜಿದಳು. ಡಾಂಬರಿನಂತಾಗಿದ್ದ ಎಂಜಿನ್ನಿನ ಎಣ್ಣೆ ಸುರಿದು ಹೊಸದು ಹಾಕಿದಳು. ನಲ್ಲಿಯಿಂದ ಲೋಟಕ್ಕೆ ಹನಿಸಿದ ಪೆಟ್ರೋಲು ತಿಳಿಯಾಗಿತ್ತು.

"ಫುಲ್ ಟ್ಯಾಂಕ್. ನಿನ್ನೆ ಹಾಕ್ಸಿದ್ದು," ಭಾವ ಎದೆ ಉಬ್ಬಿಸಿದ.

ಮೂರನೆಯ ಎಳೆತಕ್ಕೆ ಜನರೇಟರು ಗುಡುಗಿತು. ಕಿಟಕಿಯೊಳಗಿಂದ ಹೋದ ವೈರಿನ ತುದಿಯಲ್ಲಿ ಕಾವುಪೆಟ್ಟಿಗೆಯ ಕೆಂಪು ದೀಪ ಹತ್ತಿತು. ಮೂರು ನಿಮಿಷ ಓಡಿತು. ಕೆಮ್ಮಿತು. ನಿಂತಿತು.

"ಎಳಿ, ಎಳಿ, ಬಿಡ್ಬೇಡ!" ಭಾವ ಎದ್ದು ನಿಂತ.

ಅವಳು ಹಗ್ಗ ಮುಟ್ಟಲಿಲ್ಲ. ಚೊಕ್ಕ ಮಾಡಿದ ಜೆಟ್ಟು ಮೂರು ನಿಮಿಷಕ್ಕೆ ಕಟ್ಟಿಕೊಳ್ಳುವುದಿಲ್ಲ. ನಲ್ಲಿಯ ಕೆಳಗೆ ಮತ್ತೆ ಲೋಟ ಹಿಡಿದಳು. ಎರಡು ಹನಿ ಬಿದ್ದು ಮೂರನೆಯದು ಬರಲಿಲ್ಲ. ತುಂಬಿದ ಟ್ಯಾಂಕಿನಿಂದ ಪೆಟ್ರೋಲು ಇಳಿಯುತ್ತಿಲ್ಲವೆಂದರೆ ಮೇಲಿನಿಂದ ಗಾಳಿ ಒಳಹೋಗುತ್ತಿಲ್ಲ. ಮುಚ್ಚಳದಲ್ಲೇ ಏನೋ ಇದೆ. ಆದರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲಿನ ಮುಚ್ಚಳ ತೆಗೆಯುವುದು ಹುಚ್ಚುತನ.

"ಮೂವತ್ತೈದೂವರೆ!" ಅತ್ತೆಯ ದನಿಯಲ್ಲೀಗ ಕೊಂಕು ಇರಲಿಲ್ಲ. "ಏನಾದ್ರೂ ಮಾಡೇ ತಾಯಿ!"

"ಮಾಡ್ತಾ ಇದ್ದೀನಿ. ಕಾಯ್ತಾ ಇದ್ದೀನಿ."

"ಕಾಯೋದೂ ಒಂದು ಕೆಲಸಾನಾ?" ಭಾವ ಕಟ್ಟೆ ಸುತ್ತ ಸುತ್ತತೊಡಗಿದ.

ಅವಳು ರಗ್ಗು ತಂದು ಪೆಟ್ಟಿಗೆಗೆ ಹೊದಿಸಿದಳು. ಹೊರಬಂದು, ಎಂಜಿನ್ನಿನ ಹತ್ತಿರ ಅಂಗೈ ಹಿಡಿದಳು. ಇನ್ನೂ ಸುಡುತ್ತಿತ್ತು. ಕೈ ಕಟ್ಟಿ ನಿಂತಳು. ಮೂವತ್ತೈದಾಯಿತು. ಮೂವತ್ತನಾಲ್ಕೂವರೆಯಾಯಿತು. ಅಂಗೈ ಕಡೆಗೂ ತಡೆದುಕೊಂಡಾಗ ಮುಚ್ಚಳ ತಿರುಗಿಸಿದಳು. ಹುಸ್ಸೆಂದು ಗಾಳಿ ಒಳನುಗ್ಗಿತು. ಮುಚ್ಚಳದ ಒಳಮೈಗೆ ಎರಡು ಮಡಿಕೆಯ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಅಂಟಿಕೊಂಡಿತ್ತು.

"ಅಯ್ಯೋ, ಅದು ನಾನೇ ಇಟ್ಟಿದ್ದು! ವ್ಯಾನಲ್ಲಿ ತರೋವಾಗ ತುಳುಕಬಾರ್ದು ಅಂತ."

"ತುಳುಕಲಿಲ್ಲ ಭಾವ. ಉಸಿರೂ ಆಡಲಿಲ್ಲ."

ಹಾಳೆ ಕಿತ್ತು, ಮುಚ್ಚಳದ ಗಾಳಿತೂತನ್ನು ಅದೇ ತಾಮ್ರದ ಎಳೆಯಿಂದ ಚುಚ್ಚಿ ನೋಡಿ, ಮುಚ್ಚಿ, ಹಗ್ಗ ಎಳೆದಳು. ಈ ಸಲ ಮೂರು ನಿಮಿಷ ದಾಟಿತು, ಹತ್ತು ದಾಟಿತು. ಒಳಗೆ ಅತ್ತೆ ಏರುಲೆಕ್ಕ ಕೂಗತೊಡಗಿದಳು. ಮತ್ತೆ ಮೂವತ್ತೇಳು ತಲುಪಿತು.

ಭಾವ ಗಂಟಲು ಸರಿಮಾಡಿಕೊಂಡ. "ನೋಡು, ನಿನಗ್ಯಾಕೆ ಈ ಮಸಿ? ಇದು ನಮ್ಮ ಅಂಗಡೀಲೇ ಇರ್ಲಿ. ನಮ್ಮ ಮೆಕ್ಯಾನಿಕ್ ತಿಂಗಳು ತಿಂಗಳು ಸರ್ವೀಸ್ ಮಾಡ್ತಾನೆ, ಪುಕ್ಕಟೆ. ಕರೆಂಟ್ ಹೋದ್ರೆ ಒಂದು ಫೋನ್ ಮಾಡು, ಹತ್ತು ನಿಮಿಷಕ್ಕೆ ತಂದು ಇಳಿಸ್ತೀನಿ."

"ಬೇಡ."

"ಪೂರ್ತಿ ಕೇಳು—"

"ಕೇಳಿದೆ. ಬೇಡ."