ಡಬ್ಬಿ ಹಿಂದಿರುಗಿಸಲು

ಪ್ರಭಾ ವಿಜಯನಗರದ ಮನೆಯ ವರಾಂಡದಲ್ಲಿ ಸೈಕಲ್ಲಿನ ಚೀಲ ತುಂಬುತ್ತಿದ್ದರು. ಗಂಡ ವೆಂಕಟಗಿರಿಯವರೊಡನೆ ಮತ್ತೊಮ್ಮೆ ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಸೈಕಲ್ ತುಳಿಯುವ ತಯಾರಿ. ಹಿಂದಿನ ಸಲ ನಾಗಪುರದಾಚೆ ಪಂಕ್ಚರ್ ಆಗಿ ನಿಂತಿದ್ದಾಗ, ದಾರಿಬದಿಯ ಮನೆಯ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬರು ರೊಟ್ಟಿ ಪಲ್ಯ ತುಂಬಿಕೊಟ್ಟಿದ್ದ ಸ್ಟೀಲ್ ಡಬ್ಬಿ ಇವರಲ್ಲೇ ಉಳಿದಿತ್ತು. ಅದನ್ನು ಖಾಲಿ ಹಿಂದಿರುಗಿಸಲು ಪ್ರಭಾಗೆ ಮನಸ್ಸಿಲ್ಲ. ಚಟ್ನಿಪುಡಿ ಒತ್ತಿ ತುಂಬಿದ್ದರು. ಆದರೆ ಡಬ್ಬಿ ಇಟ್ಟರೆ ಚೀಲದ ಜಿಪ್ ಹಾಕಲಾಗುತ್ತಿರಲಿಲ್ಲ.

"ಪುಡೀನ ಕವರ್‌ಗೆ ಹಾಕ್ಕೊಳ್ಳೇ. ಈ ಭಾರ ಯಾಕೆ?" ಪಕ್ಕದಲ್ಲೇ ತಮ್ಮ ಚೀಲ ತುಂಬುತ್ತಿದ್ದ ವೆಂಕಟಗಿರಿ ಕೇಳಿದರು.

"ಡಬ್ಬಿ ಅವರದು ಕಣ್ರೀ. ಅವತ್ತು ನನ್ನ ಪಾಲಿನ ರೊಟ್ಟೀನೂ ತಿಂದೋರು ಯಾರು?"

ವೆಂಕಟಗಿರಿ ನಕ್ಕು, ತಮ್ಮ ಚೀಲದಿಂದ ಇನ್ನೊಂದು ಜೊತೆ ಶೂ ಹೊರಗಿಟ್ಟು, ಡಬ್ಬಿಯನ್ನು ಅಲ್ಲಿಗೆ ಇಳಿಸಿದರು.

"ಹೊರೋದು ನಾನು. ಅವರ ಕೈಗೆ ಕೊಡೋದು ನೀನು."